ಅಪಘಾತದ ಪರಿಹಾರ: ಆಸ್ಪತ್ರೆ ಖರ್ಚು ಎರಡು ಸಲ ಮುರಿಯದಿರಲಿ

ಸಂತೆಗೆ ಹೊರಟ ಚಕ್ಕಡಿಗೆ ಲಾರಿ ಬಡಿಯಿತು, ಹೊಲದಿಂದ ಬರುವವರಿಗೆ ಬೈಕ್ ಗುದ್ದಿತು ಎಂಬ ಸುದ್ದಿ ಇಲ್ಲದ ಊರಿಲ್ಲ. ಆಗ ನಮ್ಮವರು ಎರಡು ತಪ್ಪು ಮಾಡ್ತಾರೆ. ದುಡ್ಡಿಲ್ಲವೆಂದು ಆಸ್ಪತ್ರೆಗೆ ಹೋಗಲು ತಡ ಮಾಡ್ತಾರೆ. ಮುಂದೆ ಪರಿಹಾರ ಬರುವಾಗ ಲೆಕ್ಕ ತಿಳಿಯದೆ ಕಳಕೊಳ್ತಾರೆ.

ಮೊದಲನೆಯದಕ್ಕೆ ಈಗ ದಾರಿ ಇದೆ. ಕೇಂದ್ರ ಸರಕಾರ 2025ರ ಮೇ 5ರಂದು ಹೊರಡಿಸಿದ ಯೋಜನೆಯಂತೆ, ಮೋಟಾರು ವಾಹನದಿಂದ ರಸ್ತೆಯಲ್ಲಿ ಗಾಯಗೊಂಡವರಿಗೆ ಅಪಘಾತದ ದಿನದಿಂದ 7 ದಿನದವರೆಗೆ, 1.5 ಲಕ್ಷ ರೂಪಾಯಿ ಮೀರದಂತೆ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಕೈಯಿಂದ ಹಣ ಕೊಡದೆ ಚಿಕಿತ್ಸೆ ಸಿಗುತ್ತದೆ.

ಆದರೆ ಈ ಹಣ ಪೂರಾ ದಾನವಲ್ಲ. ಇದು ಮೋಟಾರು ವಾಹನ ಅಪಘಾತ ನಿಧಿಯಿಂದ ಬರುವಂಥದ್ದು. ಮೋಟಾರು ವಾಹನ ಕಾಯ್ದೆಯ 164ಬಿ ಕಲಮಿನ ಪ್ರಕಾರ, ಗಾಯಾಳುವಿಗೆ ಮುಂದೆ ವಿಮಾ ಕಂಪನಿಯಿಂದ ಪರಿಹಾರ ಬಂದಾಗ, ನಿಧಿ ಕೊಟ್ಟಷ್ಟನ್ನು ಅದರಲ್ಲಿ ಮುರಿಯಬಹುದು.

ಇದು ಬೀಜದ ಸಾಲ ಇದ್ದ ಹಾಗೆ. ಕಣದಲ್ಲಿ ರಾಶಿ ಅಳೆದು ಸಾಲದ ಚೀಲ ತೆಗೆದಿಡುತ್ತೇವೆ, ಉಳಿದದ್ದು ಮನೆಗೆ. ಸಾಲ ತೆಗೆದಿಟ್ಟು ಉಳಿದ ರಾಶಿಯನ್ನಷ್ಟೇ ಅಳೆದು ತೋರಿಸಿದ ಮೇಲೂ ಸಾಹುಕಾರ ಮತ್ತೆ ಚೀಲ ಎತ್ತಿದರೆ? ಮೋಸ ಹೋಗುವುದು ಅಲ್ಲೇ.

ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ. ಆಸ್ಪತ್ರೆ ಖರ್ಚು 2,10,000. ಅದರಲ್ಲಿ ನಿಧಿಯದು 1,50,000, ನಿಮ್ಮ ಕೈಯದು 60,000. ದುಡಿಮೆ ತಪ್ಪಿದ್ದಕ್ಕೆ 90,000, ನೋವು ಮತ್ತು ಅಂಗ ಊನಕ್ಕೆ 2,00,000. ಪೂರಾ ಬರೆದರೆ ಒಟ್ಟು 5,00,000. ನಿಧಿಯದು ಮುರಿದರೆ 3,50,000 ನಿಮಗೆ. ಅದೇ ಅರ್ಜಿಯಲ್ಲಿ ಕೈ ಖರ್ಚು 60,000 ಮಾತ್ರ ತೋರಿಸಿದರೆ ಒಟ್ಟೇ 3,50,000. ಅದರಲ್ಲೂ 1,50,000 ಮುರಿದರೆ ಉಳಿಯುವುದು 2,00,000. ಅಂದರೆ ದುಡಿಮೆಯ, ನೋವಿನ ದುಡ್ಡು ಆಸ್ಪತ್ರೆ ಲೆಕ್ಕಕ್ಕೆ ಹೋಯಿತು.

ಆದ್ದರಿಂದ ಆಸ್ಪತ್ರೆ ಬಿಡುವಾಗಲೇ ನಿಧಿಯಿಂದ ಎಷ್ಟು, ಕೈಯಿಂದ ಎಷ್ಟು ಎಂದು ಬರೆಸಿಕೊಳ್ಳಿ. ಔಷಧ, ಗಾಡಿ ಬಾಡಿಗೆಯ ಚೀಟಿಗಳನ್ನು ತಾರೀಖಿನಂತೆ ಜೋಡಿಸಿಡಿ. ಅರ್ಜಿಯಲ್ಲಿ ಚಿಕಿತ್ಸೆ, ದುಡಿಮೆ, ನೋವು, ಊನ, ಮುಂದಿನ ಚಿಕಿತ್ಸೆ ಎಂದು ಬೇರೆ ಬೇರೆ ಬರೆಯಲು ವಕೀಲರಿಗೆ ಹೇಳಿ. ನಿಧಿಯ ಹಣ ಸೇರಿಸಿದ್ದೋ ಬಿಟ್ಟಿದ್ದೋ ಎಂಬುದನ್ನೂ ಸ್ಪಷ್ಟ ಬರೆಸಿ.

ಊನದ ಬಗ್ಗೆ ಒಂದು ಮಾತು. ಡಾಕ್ಟರು ಕಾಲಿಗೆ ಬರೆದ ಶೇಕಡಾವೇ ಕೊನೆಯಲ್ಲ. ಆ ಊನದಿಂದ ಅವನ ದುಡಿಮೆ ಎಷ್ಟು ತಗ್ಗಿತು ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆ. ಕುಂತು ಬರೆಯುವವನಿಗೂ ಕುಂಟೆ ಹೊಡೆಯುವವನಿಗೂ ಕಾಲಿನ ಬೆಲೆ ಒಂದೇ ಅಲ್ಲ. ನೀವು ಮಾಡುವ ಕೆಲಸ ಏನೆಂದು ಬಿಡಿಸಿ ಹೇಳಿ.

ಗುದ್ದಿದ ವಾಹನ ಸಿಗದೇ ಹೋದರೆ ಭಾರೀ ಗಾಯಕ್ಕೆ 50,000, ಸಾವಿಗೆ 2 ಲಕ್ಷ ಪರಿಹಾರ 2022ರ ಏಪ್ರಿಲ್‌ನಿಂದ ಇದೆ. ಆಮೇಲೆ ವಾಹನ ಸಿಕ್ಕು ಬೇರೆ ಪರಿಹಾರ ಬಂದರೆ ಇದನ್ನೂ ಅದರಲ್ಲಿ ಮರಳಿಸಬೇಕಾಗ್ತದೆ.

ಕಾಯ್ದೆ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಹೇಳುತ್ತದೆ. ನೀವು ವಾಸಿಸುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಗಾಡಿ ಮಾಲಕರು ಬಂದು ಹತ್ತಿಪ್ಪತ್ತು ಸಾವಿರ ಕೈಗಿಟ್ಟು ರಾಜಿ ಕಾಗದ ಮುಂದೆ ಹಿಡಿದರೆ, ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡದೆ ಸಹಿ ಮಾಡಬೇಡಿ.