ಪಂಪ್ ಕಂಪನಿಯ ಮೂರು ತಿಂಗಳ ಲೆಕ್ಕ: ಹಿಂಜರಿತದ ಕಾಲದಲ್ಲಿ ಓದುವುದು ಹೇಗೆ?

ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಊರು ಬಿಟ್ಟು ಕಿರ್ಲೋಸ್ಕರವಾಡಿ ಕಟ್ಟಿದರು. ಈ ಕಥೆ ನಮ್ಮ ಭಾಗದಲ್ಲಿ ಬಹಳ ಜನರಿಗೆ ಗೊತ್ತು. 1920ರಲ್ಲಿ ಲಿಮಿಟೆಡ್ ಕಂಪನಿಯಾದ ಕಿರ್ಲೋಸ್ಕರ್ ಬ್ರದರ್ಸ್ ಇವತ್ತು ದೇಶದ ದೊಡ್ಡ ಪಂಪ್ ತಯಾರಕರಲ್ಲೊಂದು. 2023-24ರಲ್ಲಿ ಅದರ ವಹಿವಾಟು ಸುಮಾರು 4,000 ಕೋಟಿ ರೂಪಾಯಿ. ಆದರೆ ಅದರ ಮೂರು ತಿಂಗಳ ಲೆಕ್ಕ ಪೇಪರಿನಲ್ಲಿ ಬಂದ ದಿನ ಅದನ್ನು ಬಿಡಿಸಿ ಓದುವವರು ಕಡಿಮೆ.

ಓದಬೇಕಾದವರು ಮಾತ್ರ ಕಡಿಮೆ ಇಲ್ಲ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಪೇಟೆಗಳಲ್ಲಿ ಪಂಪ್‌ಸೆಟ್ ಮಾರುವವರಿದ್ದಾರೆ. ಬೆಳಗಾವಿಯ ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳಿಗೆ ದಿನಾ ಬಸ್ಸು ಹತ್ತುವವರಿದ್ದಾರೆ. ನಾಲ್ಕು ಷೇರು ಕೊಂಡವರೂ ಇದ್ದಾರೆ. ಆರ್ಥಿಕ ಹಿಂಜರಿತ ಎಂಬ ಸುದ್ದಿ ಬಂದಾಗ ಇವರೆಲ್ಲ ಕೇಳುವುದು ಒಂದೇ: ಪಂಪಿನ ವ್ಯಾಪಾರ ಎಷ್ಟು ಬೀಳುತ್ತದೆ, ಯಾವಾಗ ಬೀಳುತ್ತದೆ? ಉತ್ತರ ಹುಡುಕುವ ದಾರಿ ಇಲ್ಲಿದೆ. ಹತ್ತನೇ ತರಗತಿಯ ಗಣಿತ ಸಾಕು.

ಮೊದಲು ಸರಿಯಾದ ಕಾಗದ ಹಿಡಿಯಿರಿ

ಕಿರ್ಲೋಸ್ಕರ್ ಹೆಸರಿನಲ್ಲಿ ಬೇರೆ ಬೇರೆ ಕಂಪನಿಗಳಿವೆ. ಪಂಪಿನದು ಕಿರ್ಲೋಸ್ಕರ್ ಬ್ರದರ್ಸ್. ಎಂಜಿನ್‌ಗೆ ಹೆಸರಾದದ್ದು ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್. ಕೊಪ್ಪಳದ ಹತ್ತಿರ ಬೀಡುಕಬ್ಬಿಣ ತೆಗೆಯುವುದು ಕಿರ್ಲೋಸ್ಕರ್ ಫೆರಸ್. ಒಂದರ ಲೆಕ್ಕ ನೋಡಿ ಇನ್ನೊಂದರ ಷೇರು ಕೊಂಡು ಕೈ ಸುಟ್ಟುಕೊಳ್ಳಬೇಡಿ.

ಷೇರುಪೇಟೆಯಲ್ಲಿರುವ ಕಂಪನಿಗಳು ತ್ರೈಮಾಸಿಕ ಮುಗಿದ 45 ದಿನದೊಳಗೆ, ಮಾರ್ಚ್ ಕೊನೆಯ ಲೆಕ್ಕವಾದರೆ 60 ದಿನದೊಳಗೆ ಫಲಿತಾಂಶ ಪ್ರಕಟಿಸಬೇಕೆಂಬುದು ಸೆಬಿ ನಿಯಮ. ಬಿಎಸ್‌ಇ, ಎನ್‌ಎಸ್‌ಇ ತಾಣಗಳಲ್ಲಿ ಇವು ಪುಕ್ಕಟೆ ಸಿಗುತ್ತವೆ. ಅದರಲ್ಲಿ ಎರಡು ಪಟ್ಟಿ ಇರುತ್ತವೆ. ‘ಸ್ಟ್ಯಾಂಡ್‌ಅಲೋನ್’ ಎಂದರೆ ಮೂಲ ಕಂಪನಿಯೊಂದರದೇ ಲೆಕ್ಕ. ‘ಕನ್ಸಾಲಿಡೇಟೆಡ್’ ಎಂದರೆ ಮರಿ ಕಂಪನಿಗಳನ್ನೂ ಸೇರಿಸಿದ್ದು. ಕಿರ್ಲೋಸ್ಕರ್ ಬ್ರದರ್ಸ್ 2003ರಲ್ಲಿ ಇಂಗ್ಲೆಂಡಿನ ಎಸ್‌ಪಿಪಿ ಪಂಪ್ಸ್ ಕೊಂಡಿತು. ಹಾಗಾಗಿ ಯುರೋಪಿನಲ್ಲಿ ಹಿಂಜರಿತ ಬಂದರೆ ಅದರ ಬಿಸಿ ಎರಡನೇ ಪಟ್ಟಿಯಲ್ಲಿ ಎದ್ದು ಕಾಣುತ್ತದೆ, ಮೊದಲನೆಯದರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಊರಿನ ಫೌಂಡ್ರಿಯ ಕೆಲಸ ನೋಡಬೇಕಾದವರಿಗೆ ಮೊದಲ ಪಟ್ಟಿ, ಷೇರುದಾರರಿಗೆ ಎರಡನೆಯದು.

ಹೋಲಿಕೆ ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ

ಪಂಪಿಗೆ ಹಂಗಾಮಿದೆ. ಬೇಸಿಗೆ ಏರುತ್ತಿದ್ದಂತೆ ಬೋರಿನ ನೀರು ಕೆಳಗಿಳಿಯುತ್ತದೆ, ಸಬ್‌ಮರ್ಸಿಬಲ್ ಮೋಟಾರು ಸುಡುತ್ತವೆ, ಅಂಗಡಿ ತುಂಬುತ್ತದೆ. ಮುಂಗಾರು ಹಿಡಿದರೆ ಅಂಗಡಿ ಖಾಲಿ. ದೊಡ್ಡ ಯೋಜನೆಗಳ ಪಂಪುಗಳದ್ದು ಇನ್ನೊಂದು ತಾಳ: ಸರ್ಕಾರಿ ಇಲಾಖೆಗಳು ಮಾರ್ಚ್ 31ರೊಳಗೆ ಅನುದಾನ ಮುಗಿಸುವ ಅವಸರದಲ್ಲಿ ಇರುವುದರಿಂದ ಜನವರಿ–ಮಾರ್ಚ್ ಲೆಕ್ಕ ಉಬ್ಬಿರುತ್ತದೆ. ಆಮೇಲೆ ಏಪ್ರಿಲ್–ಜೂನ್ ಲೆಕ್ಕ ಇಳಿದದ್ದನ್ನು ನೋಡಿ ಹಿಂಜರಿತ ಬಂತು ಎಂದು ಹೆದರಿದರೆ ಪ್ರತಿ ವರ್ಷ ಹೆದರಬೇಕಾಗುತ್ತದೆ. ಜೂನ್ ಲೆಕ್ಕವನ್ನು ಹಿಂದಿನ ಜೂನ್‌ಗೆ, ಡಿಸೆಂಬರ್ ಲೆಕ್ಕವನ್ನು ಹಿಂದಿನ ಡಿಸೆಂಬರ್‌ಗೆ ಇಟ್ಟು ನೋಡಿ.

ತೆರಿಗೆ ಬದಲಾದ ತಿಂಗಳುಗಳನ್ನೂ ಗುರುತು ಹಾಕಿಕೊಳ್ಳಿ. 2022ರ ಜುಲೈ 18ರಿಂದ ನೀರೆತ್ತುವ ಪಂಪುಗಳ ಜಿಎಸ್‌ಟಿ ಶೇ 12ರಿಂದ ಶೇ 18ಕ್ಕೆ ಏರಿತು. ಇಂಥ ಹೊತ್ತಿನಲ್ಲಿ ದರ ಏರುವ ಮೊದಲೇ ಕೊಳ್ಳುವವರು ಕೊಂಡುಬಿಡುತ್ತಾರೆ. ಆ ತ್ರೈಮಾಸಿಕ ಉಬ್ಬುತ್ತದೆ, ಮುಂದಿನದು ಸೊರಗುತ್ತದೆ. ಅದು ಹಿಂಜರಿತವಲ್ಲ.

ಮಾರಾಟವನ್ನು ಮೂರು ರಾಶಿ ಮಾಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ‘ಪಂಪ್ ಮಾರಾಟ’ ಎಂಬ ಒಂದು ಸಂಖ್ಯೆಯೊಳಗೆ ಮೂರು ವ್ಯಾಪಾರ ಕೂತಿರುತ್ತವೆ.

ಒಂದು, ರೈತರ ಪಂಪ್‌ಸೆಟ್. ಇದಕ್ಕೂ ಜಿಡಿಪಿಗೂ ನೇರ ನಂಟು ಕಡಿಮೆ. ಮಳೆ, ಬೆಳೆಯ ದರ, ಸರ್ಕಾರದ ಸಹಾಯಧನ ಈ ಮೂರೇ ಇದನ್ನು ನಡೆಸುತ್ತವೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಸವದತ್ತಿಯ ದಂಡೆಯ ಊರುಗಳು ಮುಳುಗಿದವು. ಅಂಥ ನೆರೆ ಇಳಿದ ಮೇಲೆ ಕೆಸರು ಹೊಕ್ಕ ಮೋಟಾರು ಬಿಚ್ಚಿ ರಿವೈಂಡಿಂಗ್‌ಗೆ ಕೊಡಬೇಕು, ಇಲ್ಲವೇ ಹೊಸದು ತರಬೇಕು. ದೇಶದ ಆರ್ಥಿಕತೆ ಆಗ ಏರಿದ್ದರೂ ಇಳಿದಿದ್ದರೂ ರೈತನಿಗೆ ಬೇರೆ ದಾರಿಯಿಲ್ಲ. 2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಯಿತು. ಬರದಲ್ಲಿ ಬೋರು ಕೊರೆಸುವವನೂ ಮೋಟಾರು ಕೊಳ್ಳಲೇಬೇಕು, ಉದ್ರಿಯಾದರೂ ಸರಿ. 2019ರಲ್ಲಿ ಶುರುವಾದ ಪಿಎಂ ಕುಸುಮ್‌ನಂಥ ಸೋಲಾರ್ ಪಂಪ್ ಯೋಜನೆ ಇನ್ನೊಂದು ಆಸರೆ.

ಎರಡು, ಕಾರ್ಖಾನೆಯ ಪಂಪ್. ಹಿಂಜರಿತದ ಹೊಡೆತ ಬೀಳುವುದು ಇದಕ್ಕೆ. ನಮ್ಮ ಕಣ್ಣೆದುರಿನ ಗಿರಾಕಿ ಸಕ್ಕರೆ ಕಾರ್ಖಾನೆ, ಅಂದರೆ ಮುನವಳ್ಳಿಯ ರೇಣುಕಾ ಶುಗರ್ಸ್, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಯಂಥವು. ಕಬ್ಬಿನ ರಸಕ್ಕೆ ಒಂದು ಪಂಪ್, ಕಾಕಂಬಿಗೆ ಬೇರೆ, ಬಾಯ್ಲರ್‌ಗೆ ನೀರೂಡಿಸಲು ಮತ್ತೊಂದು. ಕಾರ್ಖಾನೆ ವಿಸ್ತರಿಸಿದರೆ ಹೊಸ ಪಂಪು ಹೋಗುತ್ತವೆ. ಬ್ಯಾಂಕು ಸಾಲ ಬಿಗಿಯಾದಾಗ ಯಾವ ಕಾರ್ಖಾನೆಯ ಆಡಳಿತವೇ ಆಗಲಿ ಮೊದಲು ಕೈಬಿಡುವುದು ವಿಸ್ತರಣೆಯನ್ನೇ. ಜಗತ್ತಿನ ಮಟ್ಟದಲ್ಲೂ ಇದೇ ಕಥೆ: 2014ರ ಮಧ್ಯದಲ್ಲಿ ಪೀಪಾಯಿಗೆ 100 ಡಾಲರ್ ದಾಟಿದ್ದ ಕಚ್ಚಾ ತೈಲ 2016ರ ಆರಂಭದಲ್ಲಿ 30 ಡಾಲರ್‌ಗಿಂತ ಕೆಳಗಿಳಿದಾಗ ತೈಲ ಕಂಪನಿಗಳು ಹೊಸ ಕೆಲಸ ನಿಲ್ಲಿಸಿದವು, ಅವರನ್ನೇ ನೆಚ್ಚಿಕೊಂಡಿದ್ದ ಪಂಪ್ ತಯಾರಕರ ಆರ್ಡರು ಒಣಗಿದವು.

ಮೂರು, ಬಿಡಿಭಾಗ ಮತ್ತು ರಿಪೇರಿ. ಕಬ್ಬು ನುರಿಸುವುದು ಮುಗಿದ ಮೇಲೆ ಕಾರ್ಖಾನೆಯಲ್ಲಿ ಪಂಪ್ ಬಿಚ್ಚುತ್ತಾರೆ. ಇಂಪೆಲ್ಲರ್ ಸವೆದಿದೆ, ಶಾಫ್ಟ್ ಸ್ಲೀವ್‌ನಲ್ಲಿ ಗೆರೆ ಬಿದ್ದಿದೆ, ಗ್ಲ್ಯಾಂಡ್ ಪ್ಯಾಕಿಂಗ್ ಸುಟ್ಟಿದೆ. ಒಳ್ಳೆಯ ವರ್ಷವಾದರೆ ಹಳೆಯದನ್ನು ಮೂಲೆಗೆ ತಳ್ಳಿ ಹೊಸದು ತರುತ್ತಾರೆ. ಕೆಟ್ಟ ವರ್ಷವಾದರೆ ಈ ಮೂರನ್ನಷ್ಟೇ ಬದಲಿಸಿ ಇನ್ನೊಂದು ಹಂಗಾಮು ತಳ್ಳುತ್ತಾರೆ. ಹಾಗಾಗಿ ಹಿಂಜರಿತದಲ್ಲಿ ಕಂಪನಿಯನ್ನು ಹಿಡಿದು ನಿಲ್ಲಿಸುವುದು ಬಿಡಿಭಾಗದ ವ್ಯಾಪಾರ. ಅದರಲ್ಲಿ ಮಾರ್ಜಿನ್ನೂ ಹೆಚ್ಚು. ಮೂರೂ ರಾಶಿಯ ವಿವರ ಫಲಿತಾಂಶದ ಪಟ್ಟಿಯಲ್ಲಿ ಇರದಿದ್ದರೆ ಕಂಪನಿ ಹೂಡಿಕೆದಾರರಿಗೆ ಕೊಡುವ ಟಿಪ್ಪಣಿಯಲ್ಲಿ ಹುಡುಕಿ.

ಮಾರಾಟ ಬಿಡಿ, ಆರ್ಡರ್ ನೋಡಿ

ಈ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ದೊಡ್ಡ ಪಂಪಿನ ಆರ್ಡರ್ ಬಂದ ದಿನವೇ ಮಾಲು ಹೋಗುವುದಿಲ್ಲ. ನಕ್ಷೆ, ಎರಕ, ಮಷಿನಿಂಗ್, ಪರೀಕ್ಷೆ ಎಲ್ಲ ಸೇರಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ತ್ರೈಮಾಸಿಕದ ಮಾರಾಟ ಎಂದೋ ಬಂದ ಆರ್ಡರಿನ ಫಲ.

ಉದಾಹರಣೆಗೆ ಒಂದು ಕಂಪನಿಯ ಕೈಯಲ್ಲಿ 300 ಕೋಟಿಯ ಆರ್ಡರ್ ಇದೆ ಎಂದುಕೊಳ್ಳಿ. ಹಿಂಜರಿತದ ಮೊದಲ ತ್ರೈಮಾಸಿಕದಲ್ಲಿ ಹೊಸ ಆರ್ಡರ್ 70 ಕೋಟಿ, ಮಾರಾಟ 100 ಕೋಟಿ. ಕೈಯಲ್ಲಿ ಉಳಿದದ್ದು 270. ಎರಡನೆಯದರಲ್ಲಿ ಆರ್ಡರ್ 60, ಮಾರಾಟ 100, ಉಳಿದದ್ದು 230. ಮೂರನೆಯದರಲ್ಲಿ ಆರ್ಡರ್ 60, ಮಾರಾಟ 95, ಉಳಿದದ್ದು 195. ನಾಲ್ಕನೆಯದರಲ್ಲಿ ಆರ್ಡರ್ 80ಕ್ಕೆ ಏರಿತು, ಆದರೆ ಮಾರಾಟ 75ಕ್ಕೆ ಬಿತ್ತು.

ಇದನ್ನು ಎರಡು ಸಲ ಓದಿ. ಹಿಂಜರಿತ ಶುರುವಾದಾಗ ಮಾರಾಟ ಗಟ್ಟಿಯಾಗಿಯೇ ಇತ್ತು. ಮಾರಾಟ ಬಿದ್ದು ಪೇಪರಿನಲ್ಲಿ ಸುದ್ದಿಯಾಗುವ ಹೊತ್ತಿಗೆ ಕೆಟ್ಟ ಕಾಲ ಮುಗಿಯುತ್ತಾ ಬಂದಿತ್ತು. ಹೊಸ ಆರ್ಡರನ್ನು ಮಾರಾಟದಿಂದ ಭಾಗಿಸಿ: ಒಂದಕ್ಕಿಂತ ಕಡಿಮೆ ಬಂದು, ಸತತ ಎರಡು-ಮೂರು ತ್ರೈಮಾಸಿಕ ಹಾಗೇ ಉಳಿದರೆ ಮುಂದಿನ ವರ್ಷ ಕಷ್ಟ.

2020ರ ಕಥೆ ಬೇರೆ ಥರದ್ದು. ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದು ಆರ್ಡರ್ ಕೈಯಲ್ಲಿದ್ದರೂ ಮಾಲು ಗೇಟು ದಾಟಲಿಲ್ಲ. ಏಪ್ರಿಲ್–ಜೂನ್‌ನಲ್ಲಿ ದೇಶದ ಜಿಡಿಪಿ ಶೇ 23.9 ಕುಸಿಯಿತು ಎಂದು ಮೊದಲ ಅಂದಾಜು ಹೇಳಿತು; ಮುಂದಿನ ತ್ರೈಮಾಸಿಕದಲ್ಲೂ ಇಳಿಕೆ ಉಳಿದು ‘ತಾಂತ್ರಿಕ ಹಿಂಜರಿತ’ದ ಮಾತು ಬಂತು. ಆಗಿನ ಸಂಖ್ಯೆಗಳನ್ನು ಆಧಾರವಾಗಿ ಇಟ್ಟುಕೊಂಡು ಮಾಡಿದ ಯಾವ ಹೋಲಿಕೆಯನ್ನೂ ನಂಬಬೇಡಿ. 2021ರ ಜೂನ್ ಲೆಕ್ಕದಲ್ಲಿ ‘ಭಾರಿ ಏರಿಕೆ’ ಕಾಣಲು ಹಿಂದಿನ ಜೂನ್ ನೆಲಕಚ್ಚಿದ್ದೂ ಕಾರಣ.

ಮಾರಾಟ ಸ್ವಲ್ಪ ಇಳಿದರೆ ಲಾಭ ಯಾಕೆ ಕರಗುತ್ತದೆ?

100 ರೂಪಾಯಿ ಮಾರಾಟದಲ್ಲಿ 55 ಕಚ್ಚಾ ಮಾಲಿಗೆ, 35 ಸಂಬಳ, ಬಡ್ಡಿ, ಸವಕಳಿಗೆ, 10 ಲಾಭ ಎನ್ನೋಣ. ಮಾರಾಟ 80ಕ್ಕೆ ಇಳಿದರೆ ಮಾಲಿನ ಖರ್ಚು 44 ಆಗುತ್ತದೆ. ಆ 35 ಮಾತ್ರ ಅಲುಗುವುದಿಲ್ಲ. ಉಳಿದದ್ದು 1 ರೂಪಾಯಿ. ಮಾರಾಟದ ಐದರಲ್ಲೊಂದು ಪಾಲು ಹೋಯಿತು, ಲಾಭದ ಹತ್ತರಲ್ಲಿ ಒಂಬತ್ತು ಪಾಲು ಹೋಯಿತು. ಓವರ್‌ಟೈಮ್ ನಿಲ್ಲುವುದು, ಗುತ್ತಿಗೆ ಕಾರ್ಮಿಕರಿಗೆ ‘ಸೋಮವಾರ ಬರಬೇಡಿ’ ಎನ್ನುವುದು ಇದೇ ಹಂತದಲ್ಲಿ.

ಕೊನೆಗೆ ಬಾಕಿಯ ಸಾಲು

ಕಂಪನಿಗೆ ಬರಬೇಕಾದ ಹಣ ಮಾರಾಟಕ್ಕಿಂತ ಜೋರಾಗಿ ಬೆಳೆಯುತ್ತಿದೆಯೇ ನೋಡಿ. ಈ ವಿವರ ಸೆಪ್ಟೆಂಬರ್ ಮತ್ತು ಮಾರ್ಚ್ ಲೆಕ್ಕದ ಜೊತೆ ಬರುವ ಆಸ್ತಿ-ಹೊಣೆ ಪಟ್ಟಿಯಲ್ಲಿ ಸಿಗುತ್ತದೆ. ಮೇಲಿನವರಿಗೆ ಹಣ ತಡವಾದರೆ ಅವರು ಕೆಳಗಿನವರಿಗೆ ತಡ ಮಾಡುತ್ತಾರೆ. ಕೊನೆಗೆ ಸಿಕ್ಕಿಬೀಳುವವನು ಕೇಸಿಂಗ್ ಎರಕ ಹೊಯ್ದುಕೊಟ್ಟ ಸಣ್ಣ ಫೌಂಡ್ರಿಯವನು.

ಅವನಿಗೆ ಕಾನೂನಿನ ಬಲವಿದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಲಿಖಿತ ಕರಾರು ಇದ್ದರೆ ಗರಿಷ್ಠ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ವ್ಯಾಪಾರಿಗಳಿಗೆ, ಅಂದರೆ ಪಂಪ್ ಡೀಲರ್‌ಗಳಿಗೆ, ಈ ರಕ್ಷಣೆ ಇಲ್ಲ. ಅವರು ಹಿಂಜರಿತದ ವಾಸನೆ ಬಂದ ಕೂಡಲೇ ಉದ್ರಿ ಬಿಗಿ ಮಾಡಿ, ಗೋದಾಮಿನಲ್ಲಿ ದೊಡ್ಡ ಎಚ್‌ಪಿಯ ಮಾಲು ಕಡಿಮೆ ಮಾಡಿ ಬಿಡಿಭಾಗ ಹೆಚ್ಚು ಇಟ್ಟುಕೊಳ್ಳುವುದೇ ಲೇಸು.

ಫೌಂಡ್ರಿ, ಮಷಿನ್ ಶಾಪ್ ನಡೆಸುವವರಲ್ಲಿ ಒಂದು ಮನವಿ: ಈ ಕಾಯ್ದೆಯ ಬಲ ಬೇಕಾದರೆ ಮಾಲು ಕಳಿಸುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿರಿ, ಬಿಲ್ಲಿನ ಮೇಲೆ ಆ ಸಂಖ್ಯೆ ಬರೆಸಿರಿ. ಹಣ ನಿಂತ ಮೇಲೆ ಮಾಡಿಸಿದ ನೋಂದಣಿ ಹಳೆಯ ಬಾಕಿಗೆ ಕೆಲಸಕ್ಕೆ ಬರುತ್ತದೆ ಎಂಬ ಖಾತ್ರಿಯಿಲ್ಲ. ಸರ್ಕಾರಿ ತಾಣದಲ್ಲಿ ಅದಕ್ಕೆ ಒಂದು ರೂಪಾಯಿಯೂ ಶುಲ್ಕವಿಲ್ಲ.