ಮರದ ಬೇರಿಗೆ ಬೇಲಿ: ಎಷ್ಟು ದೂರಕ್ಕೆ?

ಮನೆ ಮುಂದೆ ಹೊಸ ಡ್ರೈವ್‌ವೇ ಹಾಕಿಸ್ತಿದ್ದೀರಾ? ಪಕ್ಕದಲ್ಲೊಂದು ದೊಡ್ಡ ಮರ ಇದೆಯಾ? ಹಾಗಾದರೆ ಅಗೆಯೋಕೆ ಮೊದಲು ಇದನ್ನು ಕೇಳಿ.

ಮರ ಎಷ್ಟು ಎತ್ತರವೋ ಬೇರು ಅಷ್ಟೇ ಆಳ ಅಂತ ನಾವು ಅಂದುಕೊಳ್ತೀವಿ. ನಿಜದಲ್ಲಿ ಬಹುಪಾಲು ಬೇರುಗಳು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ. ಅಗಲದಲ್ಲಿ ಮಾತ್ರ ಕೊಂಬೆಗಳ ಹರವನ್ನೂ ದಾಟಿ ಹೋಗುತ್ತವೆ. ಯಾಕೆ? ಬೇರಿಗೂ ಉಸಿರಾಡೋಕೆ ಆಮ್ಲಜನಕ ಬೇಕು, ಅದು ಹೆಚ್ಚು ಸಿಗೋದು ಮೇಲ್ಮಣ್ಣಿನಲ್ಲಿ.

ಹಾಗಾಗಿ ಬೇರು ಕತ್ತರಿಸುವುದೊಂದೇ ಅಪಾಯವಲ್ಲ. ಭಾರೀ ಯಂತ್ರ ಕೆಲವೇ ಸಲ ಓಡಾಡಿದರೂ ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗ ಮುಚ್ಚಿಹೋಗುತ್ತದೆ. ಒಂದು ಬೇರನ್ನೂ ಕಡಿಯದೆ ಮರದ ಉಸಿರುಗಟ್ಟಿಸಬಹುದು!

ಎಷ್ಟು ಜಾಗ ಬಿಡಬೇಕು? ಬ್ರಿಟನ್ನಿನ ಬಿಎಸ್ 5837 ಮಾನದಂಡದ 2012ರ ಆವೃತ್ತಿಯಲ್ಲಿ ಸುಲಭದ ಲೆಕ್ಕವಿದೆ. ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ ಅಳೆಯಿರಿ, 12ರಿಂದ ಗುಣಿಸಿ. ವ್ಯಾಸ 50 ಸೆಂಟಿಮೀಟರ್ ಇದ್ದರೆ ಸುತ್ತಲೂ 6 ಮೀಟರ್. ಗರಿಷ್ಠ 15 ಮೀಟರ್. ಯಂತ್ರ ಬರುವ ಮೊದಲೇ ಅಲ್ಲಿ ಬೇಲಿ ನಿಲ್ಲಬೇಕು. ಒಳಗೆ ಸಿಮೆಂಟು, ಮರಳಿನ ರಾಶಿಯೂ ಬೇಡ.

ಆ ವಲಯದೊಳಗೇ ದಾರಿ ಬೇಕೇ ಬೇಕು ಅಂದ್ರೆ? ಅಗೆಯಬೇಡಿ. ನೆಲದ ಮೇಲೆಯೇ ಜೇನುಗೂಡಿನಂಥ ಪ್ಲಾಸ್ಟಿಕ್ ಜಾಲ ಹಾಸಿ, ಪುಡಿಯಿಲ್ಲದ ಜಲ್ಲಿ ತುಂಬಿಸಿ, ನೀರು ಇಂಗುವ ಹೊದಿಕೆ ಹಾಕಿಸಿ. ಭಾರ ಹರಡುತ್ತೆ, ಗಾಳಿ-ನೀರು ಕೆಳಗಿಳಿಯುತ್ತೆ.

ಬೇರಿಗೆ ಬಿದ್ದ ಪೆಟ್ಟು ಎಲೆಯಲ್ಲಿ ಕಾಣೋಕೆ ಕೆಲವೊಮ್ಮೆ ವರ್ಷಗಳೇ ಬೇಕು. ಅಷ್ಟೊತ್ತಿಗೆ ಕಂಟ್ರಾಕ್ಟರ್ ಬಿಲ್ ಪಡೆದು ಹೋಗಿರ್ತಾರೆ. ಅದಕ್ಕೇ ಬೇಲಿಯ ಮಾತು ಕೊಟೇಶನ್ ಹಂತದಲ್ಲೇ ಆಗಲಿ.