ಹೋಳಿ ಕಳೆದ ಮೇಲೆ ಟ್ರಂಕು ತುಂಬುವ ಕೆಲಸ

ಧಾರವಾಡದ ನಮ್ಮ ಮನೆಯಲ್ಲಿ ಸ್ವೆಟರು, ಶಾಲು ವರ್ಷವಿಡೀ ಗೂಟಕ್ಕೇ ತೂಗಾಡುತ್ತಿದ್ದವು. ಚಳಿಗೂ ಅವೇ, ಮಳೆಗೂ ಅವೇ. ದೆಹಲಿಗೆ ಬಂದು ನೆಲೆಸಿದ ಮೇಲೆ ಚಳಿಯ ಬಟ್ಟೆ ಎತ್ತಿಡುವುದೂ ಒಂದು ವಿದ್ಯೆ ಎಂದು ತಿಳಿಯಿತು. ಇಲ್ಲಿ ಜನವರಿಯ ಇರುಳು ನಾಲ್ಕೈದು ಡಿಗ್ರಿಗೆ ಇಳಿದರೆ, ಮೇ ತಿಂಗಳ ಮಧ್ಯಾಹ್ನ 45 ಮುಟ್ಟುವುದೂ ಉಂಟು. ಹೋಳಿ ಬಂತೆಂದರೆ ಫ್ಯಾನು ಶುರು, ತಾರಸಿಗಳ ಮೇಲೆಲ್ಲ ರಜಾಯಿಗಳ ಸಾಲು.

ಪಕ್ಕದ ಮನೆಯ ಪಂಜಾಬಿ ಆಂಟಿ ಮೊದಲು ಹೇಳಿಕೊಟ್ಟದ್ದು ಇಷ್ಟು: ಒಂದೇ ಸಲ ಹಾಕಿದ್ದಾದರೂ ಸರಿ, ಒಗೆಯದೆ ಒಳಗಿಡಬೇಡ. ಅದರ ಕಾರಣ ನನಗೆ ಆಮೇಲೆ ಅರ್ಥವಾಯಿತು. ಉಣ್ಣೆಯನ್ನು ತಿನ್ನುವುದು ಹಾರಾಡುವ ನುಸಿಯಲ್ಲ, ಅದರ ಮರಿಹುಳು. ಉಣ್ಣೆಯಲ್ಲಿರುವ ಕೆರಾಟಿನ್ ಅದರ ಆಹಾರ. ಬೆವರು, ಜಿಡ್ಡು, ಚೆಲ್ಲಿದ ಸಾರಿನ ಕಲೆ ಸೇರಿದರೆ ಇನ್ನೂ ರುಚಿ. ತೂತು ಬೀಳುವುದು ಹೆಚ್ಚಾಗಿ ಕೊರಳಪಟ್ಟಿ, ಕಂಕುಳು, ತೋಳಿನ ಅಂಚಿನಲ್ಲಿ ಏಕೆಂದು ಇದರಿಂದ ತಿಳಿಯುತ್ತದೆ. ಬರೀ ಅಕ್ರಿಲಿಕ್ ಸ್ವೆಟರಿಗೆ ಈ ಭಯ ಕಡಿಮೆ. ಹಾಗಾಗಿ ಮೊದಲು ಲೇಬಲ್ ನೋಡಿ ಉಣ್ಣೆಯನ್ನು ಬೇರೆ ಮಾಡಿಕೊಳ್ಳುತ್ತೇನೆ.

ಉಣ್ಣೆಗೆ ತಣ್ಣೀರು, ಈಜಿಯಂಥ ಸೌಮ್ಯ ದ್ರವ ಸಾಬೂನು ಸಾಕು. ಉಜ್ಜಬಾರದು, ಹಿಂಡಬಾರದು, ಬಿಸಿನೀರಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರು ಕುಗ್ಗುತ್ತದೆ. ಒಣ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಮಂಚದ ಮೇಲೆ ಹರಡಿ ಒಣಗಿಸುತ್ತೇನೆ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೇ ಜೋತುಬೀಳುತ್ತದೆ. ಕೋಟು ಡ್ರೈಕ್ಲೀನಿಂಗಿಗೆ ಹೋಗುತ್ತದೆ. ಬಂದ ಕೂಡಲೇ ಅದರ ಪ್ಲಾಸ್ಟಿಕ್ ಕವರು ಕಿತ್ತು, ಗಾಳಿಗಿಟ್ಟು, ಹಳೆಯ ಹತ್ತಿ ಸೀರೆಯಲ್ಲಿ ಸುತ್ತುತ್ತೇನೆ. ಹತ್ತಿ ತುಂಬಿದ ರಜಾಯಿಯನ್ನು ಒಗೆಯುವಂತಿಲ್ಲ. ಗವಸು ಬಿಚ್ಚಿ ಒಗೆದು, ಒಳಗಿನದನ್ನು ಮಗ್ಗುಲು ಬದಲಿಸುತ್ತ ಬಿಸಿಲಿಗೆ ಹಾಕಬೇಕು.

ಮುಟ್ಟಿದರೆ ಒಣಗಿದಂತೆ ಕಂಡ ಉಣ್ಣೆಯನ್ನು ನಂಬಬಾರದು. ಹಸಿಯೆನಿಸದೆಯೇ ಅದು ಸಾಕಷ್ಟು ತೇವ ಹೀರಿಕೊಂಡಿರಬಲ್ಲದು. ಟ್ರಂಕಿನ ಮುಚ್ಚಳ ಬಿದ್ದ ಮೇಲೆ ಅದೇ ಬೂಷ್ಟಿಗೆ ದಾರಿ. ಬಿಸಿಲಿನಿಂದ ತಂದದ್ದನ್ನೂ ನೆರಳಲ್ಲಿ ಆರಿಸಿಯೇ ಮಡಚುತ್ತೇನೆ.

ನ್ಯಾಫ್ತಲೀನಿನ ನುಸಿಗುಳಿಗೆ ಕೊನೆಯ ಮಾತು, ಮೊದಲನೆಯದಲ್ಲ. ಅದರ ಆವಿ ಗಾಳಿಗಿಂತ ಭಾರ, ಕೆಳಗಿಳಿಯುತ್ತದೆ. ಆದ್ದರಿಂದ ತೆಳು ಬಟ್ಟೆಯಲ್ಲಿ ಗಂಟುಕಟ್ಟಿ ಎಲ್ಲಕ್ಕಿಂತ ಮೇಲಿಡಬೇಕು. ಎಳೆಮಕ್ಕಳ ಟೋಪಿ, ಕಾಲುಚೀಲ, ಹೊದಿಕೆಗೆ ಅದು ಬೇಡವೇ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಗುವಿನ ಕೆಂಪು ರಕ್ತಕಣಗಳು ನ್ಯಾಫ್ತಲೀನಿನಿಂದ ಒಡೆಯಬಹುದು, ಕೊರತೆಯಿದೆಯೆಂದು ಎಷ್ಟೋ ಮನೆಗಳಿಗೆ ಮೊದಲೇ ಗೊತ್ತೂ ಇರುವುದಿಲ್ಲ. ಮಕ್ಕಳ ಬಟ್ಟೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೇರೆಯಾಗಿಯೇ ಇಡುತ್ತೇನೆ.

ಏಪ್ರಿಲ್, ಮೇ ತಿಂಗಳ ಒಣಹವೆಯಲ್ಲಿ ಟ್ರಂಕಿಗೆ ಅಪಾಯ ಕಡಿಮೆ. ಪರೀಕ್ಷೆಯ ಕಾಲ ಜೂನ್ ಕೊನೆಗೆ ಮಳೆ ಬಂದು ಸೆಪ್ಟೆಂಬರಿನವರೆಗೆ ಸೆಕೆ ಕೂರುವಾಗ. ನಡುವೆ ಒಳ್ಳೆಯ ಬಿಸಿಲು ಬಿದ್ದ ದಿನ ಎಲ್ಲವನ್ನೂ ತೆಗೆದು, ಕೊಡವಿ, ಮಡಿಕೆ ಬದಲಿಸಿ ಇಡುತ್ತೇನೆ. ನುಸಿಗೆ ಕತ್ತಲೆ ಬೇಕು, ಅಲುಗಾಡದ ಜಾಗ ಬೇಕು. ಅದಕ್ಕೆ ಅವೆರಡೂ ಸಿಗದಂತೆ ನೋಡಿಕೊಂಡರೆ ಗುಳಿಗೆಯ ಖರ್ಚೂ ಅರ್ಧವಾಗುತ್ತದೆ.